ಸರ್ ದನಿಯಲ್ಲಿ ನಾನಂದ ‘ಛೋಡ್’

ಮುಲುಂಡಿನ ಒಂದು ಸೊಸೈಟಿ ಹಾಲ್‌ನಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ಮರಾಠಿ ಸರ್‌ಗೆ ನಾನು ಅಸಿಸ್ಟೆಂಟ್. ಹೆಸರು ದೊಡ್ಡದು; ಕೆಲಸ, ಕಪ್ಪೆಯಾಗಿ, ಕರಡಿಯಾಗಿ, ಏಡಿಯಾಗಿ ಮಕ್ಕಳ ಮುಂದೆ ನೆಲದ ಮೇಲೆ ತೆವಳುವುದು. ಮೊದಲೇ ಅಡ್ಡಡ್ಡ ನಡೆಯುವ ನನಗೆ ಏಡಿಯಾಗಲು ಹೆಚ್ಚು ಶ್ರಮ ಬೇಡ ಎಂದು ಮನೆಯಲ್ಲಿ ಹೇಳುತ್ತಾರೆ. ನಾನೂ ನಗುತ್ತೇನೆ. ಆದರೆ ಆ ಹಾಲ್‌ನಲ್ಲಿ ನನಗೆ ಯಾವಾಗಲೂ ಭಯ. ಆ ವಯಸ್ಸಿನ ಮಕ್ಕಳಿಗೆ ತಲೆ ದೊಡ್ಡದು, ಕುತ್ತಿಗೆ ಬೆಂಡೆಕಾಯಿಯಷ್ಟು. ಭಯವಾದಾಗಲೆಲ್ಲ ನಾನು ಯಾರದೋ ಮಿಮಿಕ್ರಿ ಮಾಡುತ್ತೇನೆ.

ಸರ್‌ದು ಒಂದೇ ಕಾನೂನು. ಬಾರ್ ಹಿಡಿದು ನೇತಾಡುವ ಮಗು ಅವರು ‘ಛೋಡ್’ ಎನ್ನುವವರೆಗೆ ಕೈ ಬಿಡಬಾರದು. ಹಾಗಂದ ಮೇಲೆ ಯೋಚಿಸದೆ ಎರಡೂ ಕೈ ಬಿಡಬೇಕು. ಅನುಮಾನಿಸಿ ಒಂದೇ ಕೈ ಬಿಟ್ಟರೆ ಮೈ ತಿರುಚಿಕೊಂಡು ಬೀಳುತ್ತದೆ. ಆ ಪದ ಬರುವ ಮೊದಲೇ ಅವರ ಕೈ ಮಗುವಿನ ಸೊಂಟದಲ್ಲಿರುತ್ತಿತ್ತು.

ಅಂದು ಬಾರ್‌ನಲ್ಲಿದ್ದದ್ದು ಉಡುಪಿ ಕಡೆಯ ಅಜ್ಜಿಯೊಬ್ಬರ ಮೊಮ್ಮಗಳು. ಅಜ್ಜಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಎಂದಿನಂತೆ ನನ್ನನ್ನು ಕೆಣಕುತ್ತಿದ್ದರು.

“ಇದು ಕ್ಲಾಸಾ ಸರ್ಕಸ್ಸಾ ಮಾರಾಯ? ನಿಂಗೆ ಮದುವೆಗೆ ಹೆಣ್ಣು ಯಾರು ಕೊಡ್ತಾರೆ?”

“ಏಡಿಗೆ ಏಡಿಯೇ ಸಿಗ್ತದೆ ಅಜ್ಜಿ.”

ಸರ್ ಫೋನ್ ರಿಂಗಾಯಿತು. “ಇಸ್ಕೋ ದೇಖ್,” ಎಂದು ನನ್ನನ್ನು ಅವಳ ಕೆಳಗೆ ನಿಲ್ಲಿಸಿ ಬಾಗಿಲ ಹೊರಗೆ ಹೋದರು. ತಲೆಯೆತ್ತಿ ಅವಳ ಕುತ್ತಿಗೆ ನೋಡಿದೆ; ಭಯವಾಯಿತು. ಅಜ್ಜಿ ಬಗ್ಗಿ ಚೀಲದಲ್ಲಿ ಮೊಮ್ಮಗಳ ನೀರಿನ ಬಾಟಲಿ ಹುಡುಕುತ್ತಿದ್ದರು; ಸಾಲಿನಲ್ಲಿ ಕೂತ ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಅವರ ಕಡೆ ತಿರುಗಿದೆ; ಹೊಟ್ಟೆ ಮುಂದೆ ಮಾಡಿ, ಮೂಗಿನಿಂದ ಸರ್ ದನಿ ಎಳೆದೆ. “ಶಾಬ್ಬಾಶ್... ಛೋಡ್!”

ಮಕ್ಕಳು ನಕ್ಕರು. ನನ್ನ ಬೆನ್ನ ಹಿಂದೆ ‘ಧಪ್’ ಎಂದಿತು.

ಅವಳು ಮ್ಯಾಟ್ ಮೇಲೆ ಅಂಗಾತ ಬಿದ್ದಿದ್ದಳು. ಕಣ್ಣು ತೆರೆದಿತ್ತು, ಬಾಯಿಯೂ ತೆರೆದಿತ್ತು. ಸದ್ದಿಲ್ಲ, ಉಸಿರೂ ಇಲ್ಲ. ಸರ್ ಅನ್ನು ಕೂಗಬೇಕು. ಊರಿನವರೆಲ್ಲರ ದನಿ ಇದ್ದ ನನ್ನ ಗಂಟಲಲ್ಲಿ ನನ್ನದೊಂದು ದನಿ ಸಿಗಲಿಲ್ಲ.

ಅಜ್ಜಿ ಓಡಿಬಂದು ಬಗ್ಗಿದರು. “ಎತ್ತು ಮಾರಾಯ, ಎಂತ ನೋಡ್ತಾ ನಿಂತಿದ್ದಿ?”

“ಬೇಡ ಅಜ್ಜಿ, ಕುತ್ತಿಗೆ...” ಎಂದು ಅವರ ಕೈಗೆ ನನ್ನ ಕೈ ಅಡ್ಡ ಹಿಡಿದೆ.

ಅಜ್ಜಿಯ ಕೂಗು ಕೇಳಿ ಸರ್ ಓಡಿಬಂದು ಮೊಣಕಾಲೂರಿದರು. ಅವಳ ಪಾದ ಮುಟ್ಟಿ, “ಬೇಟಾ, ಉಂಗ್ಲಿ ಹಿಲಾ,” ಎಂದರು. ಆ ಹತ್ತು ಪುಟ್ಟ ಬೆರಳುಗಳನ್ನು ನಾನು ನೋಡಿದ ಹಾಗೆ ಯಾವ ದೇವರನ್ನೂ ನೋಡಿಲ್ಲ. ಹೆಬ್ಬೆರಳು ಅಲುಗಿತು. ಆಮೇಲೆ ಉಸಿರು ಬಂತು, ಅದರ ಹಿಂದೆಯೇ ಹಾಲ್ ತುಂಬುವ ಅಳು.

ಪಕ್ಕದ ಬಿಲ್ಡಿಂಗ್‌ನ ಡಾಕ್ಟರ್ ಕುತ್ತಿಗೆ, ಬೆನ್ನು ಎಲ್ಲ ಒತ್ತಿ ನೋಡಿ ಏನೂ ಆಗಿಲ್ಲ ಎಂದರು. “ಹಾತ್ ಸರಕ್ ಗಯಾ ಹೋಗಾ,” ಎಂದರು ಸರ್. ಕೈ ಜಾರಿದ್ದೇ ಆಗಲಿ ಎಂದು ನಾನೂ ಬಾಯಿ ಮುಚ್ಚಿದ್ದೆ. ಅಜ್ಜಿಯ ತೊಡೆ ಮೇಲಿದ್ದ ಹುಡುಗಿ ಬಿಕ್ಕುತ್ತಲೇ ಹೇಳಿದಳು: “ಸರ್ ನೇ ಬೋಲಾ, ಛೋಡ್.”

ಅಜ್ಜಿ ಸರ್ ಕಡೆ ತಿರುಗಿದರು. “ಹೊರಗೆ ಫೋನಲ್ಲಿ ಮಾತಾಡ್ತಾ ಮಗುಗೆ ಬಿಡು ಅಂದ್ರಾ ನೀವು?”

ಕನ್ನಡ ಬಾರದ ಸರ್‌ಗೂ ಆ ಮುಖ ಅರ್ಥವಾಯಿತು. ಅವರ ತುಟಿ ಬಿಳಿಚಿಕೊಂಡಿತು.

“ಅವರಲ್ಲ ಅಜ್ಜಿ,” ಎಂದೆ. “ನಾನು. ಅವರ ಹಾಗೆ ಮಾತಾಡಿದೆ.”

“ಸುಳ್ಳು ಹೇಳಿ ಅವರನ್ನ ಉಳಿಸ್ಬೇಡ. ಎಲ್ಲಿ, ಮಾಡಿ ತೋರಿಸು.”

ಹೊಟ್ಟೆ ಮುಂದೆ ಮಾಡಲಿಲ್ಲ, ಯಾರೂ ನಗಲಿಲ್ಲ. ಮೆಲ್ಲಗೆ, ಮೂಗಿನಿಂದ ಅಂದೆ. ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದಿದ್ದ ಹುಡುಗಿಯ ಎರಡೂ ಮುಷ್ಟಿ ತಟ್ಟನೆ ಬಿಚ್ಚಿಕೊಂಡವು.

ಅಜ್ಜಿ ಬಿಚ್ಚಿದ ಆ ಅಂಗೈಗಳನ್ನು ತಮ್ಮ ಕೈಯೊಳಗೆ ಮುಚ್ಚಿಕೊಂಡರು. ಸರ್, ನಾಳೆಯಿಂದ ಬಾರ್ ಹತ್ತಿರ ಯಾರೂ ಆ ಪದ ಆಡುವುದು ಬೇಡ, ತಾನೂ ಸೇರಿ, ಎಂದರು.

ಈಗ ಸೊಂಟಕ್ಕೆ ಎರಡು ತಟ್ಟು ತಟ್ಟಿದರೆ ಮಾತ್ರ ಮಕ್ಕಳು ಕೈ ಬಿಡುತ್ತಾರೆ. ಅವಳು ಎರಡು ವಾರ ಬಿಟ್ಟು ಬಂದಳು. ಕೆಳಗೆ ನಾನೇ ನಿಂತಿದ್ದೆ. ಒಮ್ಮೆ ತಟ್ಟಿದೆ. ಎರಡನೆಯದಕ್ಕೆ ನನ್ನ ಕೈ ಏಳಲಿಲ್ಲ. ಅವಳು ನೋಯುತ್ತಿದ್ದ ಕೈಗಳಿಂದ ನೇತಾಡುತ್ತಲೇ ಕೆಳಗೆ ನೋಡಿ, “ಭೈಯಾ, ಹಾತ್ ದುಖ್ ರಹಾ ಹೈ,” ಎಂದಳು.