ಬಾಣಂತಿ ನೀರು

ಮಗಳು ಹೆತ್ತು ಮನೆಗೆ ಬಂದಿದ್ದಾಳೆ. ರಾಯಚೂರಿನ ನಮ್ಮ ಅಡುಗೆಮನೆಯಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡಿಗೆಂದು ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಎದ್ದರೆ ನನಗೆ ನೆನಪಾಗುವುದು ಕಾಲುವೆ... ಮತ್ತೆ ದೇವದುರ್ಗದಲ್ಲಿ ನಾನು ಬಾಡಿಗೆಗಿದ್ದ ಮನೆಯ ಅವ್ವ.

ಆಗ ನಾನು ಊರಾಚೆ ಕಾಲುವೆಗೆ ಹೊಸದಾಗಿ ಕಟ್ಟಿದ್ದ ಸಣ್ಣ ಪವರ್‌ಹೌಸಿನಲ್ಲಿ ಆಪರೇಟರ್. ಎತ್ತರದಿಂದ ಬೀಳುವ ನೀರು ಟರ್ಬೈನ್ ತಿರುಗಿಸುತ್ತಿತ್ತು, ಅದರ ಜೊತೆ ಜನರೇಟರ್ ತಿರುಗಿ ಕರೆಂಟು ಹುಟ್ಟುತ್ತಿತ್ತು, ನೀರು ಮತ್ತೆ ಕಾಲುವೆ ಸೇರುತ್ತಿತ್ತು. ಗೇಟಿನ ಚಕ್ರವನ್ನು ಕೈಯಿಂದಲೇ ತಿರುವುತ್ತಿದ್ದೆವು. ಗಂಡ ತೀರಿಕೊಂಡಿದ್ದ ಅವ್ವನಿಗೆ ಅನ್ನ ಕೊಡುತ್ತಿದ್ದುದು ಪವರ್‌ಹೌಸಿನ ಕೆಳಗಿದ್ದ ಒಂದು ತುಂಡು ಗದ್ದೆ. ಆ ವರ್ಷ ಭತ್ತ ಹಚ್ಚುವುದೇ ಇಲ್ಲ ಎಂದು ಅವಳು ಹಟ ಹಿಡಿದು ಕೂತಳು.

“ಬೆಣ್ಣಿ ತಗದ ಮ್ಯಾಲ ಉಳಿಯೂದು ಬರೇ ಮಜ್ಜಗಿ. ಕರೆಂಟ್ ತಗದ ಮ್ಯಾಲ ಆ ನೀರಾಗ ಏನ್ ಉಳೀತದೋ ತಮ್ಮಾ?”

ನಾನು ಬೀಸುಕಲ್ಲು ತೋರಿಸಿದೆ. “ಬೀಸಿದ್ರ ನಿಮ್ಮ ಕೈ ಸವೀತಾವೇನ್ರಿ ಯವ್ವಾ? ನೀರೂ ಹಂಗ.”

“ಸವ್ಯಾಂಗಿಲ್ಲ. ಸೋಲತಾವ,” ಅಂದಳು.

ನನಗೆ ಸಿಟ್ಟು ಬಂತು. ಗದ್ದೆ ಬೀಳುಬಿಟ್ಟರೆ ಇವಳು ವರ್ಷವಿಡೀ ಏನು ಉಣ್ಣುತ್ತಾಳೆ ಎಂಬ ಚಿಂತೆ ಬೇರೆ. ಕಣ್ಣಾರೆ ನೋಡಲಿ ಎಂದು ಪವರ್‌ಹೌಸಿಗೇ ಕರೆದುಕೊಂಡು ಹೋದೆ. ಮೇಲಿಂದ ಭೋರ್ಗರೆದು ಒಳಹೋದ ನೀರು ಕೆಳಗೆ ಮೆಲ್ಲಗೆ ಹೊರಬರುತ್ತಿತ್ತು. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು.

“ಪಾಪ, ಹಡದು ಸುಸ್ತಾಗ್ಯಾಳ. ಹಡದಾಕಿಗೆ ಉಣ್ಣಾಕ ಏನ್ ಕೊಟ್ಟೀರಿ ನೀವು?”

ಮರುದಿನ ಅಂಟಿನುಂಡಿ ಕಟ್ಟಿ ತಂದು, ನೀರು ಹೊರಬರುವಲ್ಲಿ ಒಂದನ್ನು ಬಿಟ್ಟಳು. ಇನ್ನೊಂದನ್ನು ನನ್ನ ಕೈಗಿಟ್ಟು, “ಸೂಲಗಿತ್ತಿಗೂ ಒಂದ್ ಇರ್ಲಿ,” ಎಂದು ನಕ್ಕಳು. ಅದೇ ವಾರ ಗದ್ದೆಗಿಳಿದಳು. ಬೆಳೆ ಎಂದಿನಂತೆಯೇ ಬಂತು. ನೀರಿಗೆ ಏನೂ ಆಗಿರಲಿಲ್ಲ ಎಂದು ನಾನು, ಉಂಡಿ ತಿಂದು ಚೇತರಿಸಿಕೊಂಡಳು ಎಂದು ಅವಳು... ಇಬ್ಬರೂ ಸೋಲಲಿಲ್ಲ. ನಾನು ಅಲ್ಲಿದ್ದಷ್ಟು ವರ್ಷವೂ ಕಾಲುವೆಗೆ ನೀರು ಬಿಟ್ಟಾಗ ಉಂಡಿ ತಪ್ಪಲಿಲ್ಲ. ನನ್ನ ಪಾಲೂ ತಪ್ಪಲಿಲ್ಲ.

ಮೊನ್ನೆ ಮಗಳ ಉಂಡಿಯಲ್ಲಿ ಎರಡನ್ನು ಡಬ್ಬಿಗೆ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಅವ್ವ ತೀರಿಕೊಂಡ ಸುದ್ದಿ ನನಗೆ ತಲುಪಿದ್ದೇ ತಡವಾಗಿ. ಮಣ್ಣಿಗೂ ಹೋಗಲಾಗಲಿಲ್ಲ ಎಂಬ ಸಂಕಟ ಇನ್ನೂ ಇದೆ. ಪವರ್‌ಹೌಸಿನಲ್ಲಿ ಈಗ ಚಕ್ರ ತಿರುವುವವರಿಲ್ಲ, ಕಂಪ್ಯೂಟರ್ ಮುಂದೆ ಕೂತೇ ಗೇಟು ತೆರೆಯುತ್ತಾರೆ. ನೀರು ಮಾತ್ರ ಅಂದಿನಂತೆಯೇ ಮೆಲ್ಲಗೆ ಹೊರಬರುತ್ತಿತ್ತು.

ನೀರಿಗೆ ಉಂಡಿ ಬೇಕಿಲ್ಲವೆಂದು ನನಗೆ ಗೊತ್ತು. ಆದರೂ ಒಂದನ್ನು ಬಿಟ್ಟೆ. ಸೂಲಗಿತ್ತಿಯ ಪಾಲಿನದು ಡಬ್ಬಿಯಲ್ಲಿತ್ತು. ಕೈಗಿಡುವವರಿಲ್ಲದೆ ನಾನೇ ತೆಗೆದು ತಿನ್ನಲು ಮನಸ್ಸಾಗಲಿಲ್ಲ, ಹಾಗೇ ಮನೆಗೆ ತಂದೆ.