ಮಾವನ ಕಾಫಿಪುಡಿ ಡಬ್ಬಿ

ದಿಲ್ಲಿಯ ಜನಕಪುರಿಯ ನಮ್ಮ ಮನೆಯಲ್ಲಿ ಮೊನ್ನೆ ಬಾಗಿಲುಗಳಿಗೆ ಪಾಲಿಶ್ ಶುರುವಾಯಿತು. ಥಿನ್ನರ್ ವಾಸನೆಯ ಮುಂದೆ ನನ್ನ ಇಂಗಿನ ಒಗ್ಗರಣೆಯೂ ಸೋತಿತು. ಧೂಳು ಕೂರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದ, ಕೆಲಸದ ಗುತ್ತಿಗೆ ಹಿಡಿದ ಠೇಕೇದಾರ, "ಭಾಭೀಜಿ, ಇಕ್ಬಾಲ್‌ಗೆ ಒಂದು ತುಂಡು ಬೆಲ್ಲ ಕೊಡಿ. ಎದೆ ಸಾಫ್ ಆಗುತ್ತೆ" ಎಂದ. ಇಕ್ಬಾಲ್ ಎಂದರೆ ಒಳಗೆ ಪಾಲಿಶ್ ಹಾಕುತ್ತಿದ್ದವನು.

ಬೆಲ್ಲ ಎಂದ ಕೂಡಲೇ ನನಗೆ ಸೋದರಮಾವ ನೆನಪಾದರು ನೋಡಿ.

ಮಾವ ಕಾರ್ಖಾನೆಗಳ ಇನ್‌ಸ್ಪೆಕ್ಟರ್. ನಾನು ದಿಲ್ಲಿಗೆ ಹೊಸಬಳಾಗಿ ಅವರ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಠಿಕಾಣಿ ಹೂಡಿದ್ದ ಕಾಲ. ಅವರ ಮಂಡಿ ಕೈಕೊಟ್ಟಿದ್ದರಿಂದ ನನ್ನ ರಜಾದಿನಗಳಲ್ಲಿ ನನ್ನ ಸ್ಕೂಟಿಯೇ ಸರ್ಕಾರಿ ವಾಹನ. ನಾನು ಬ್ರೇಕ್ ಹಾಕಿದಾಗಲೆಲ್ಲ ಹಿಂದಿನಿಂದ "ನಾರಾಯಣ" ಎಂದು ಕೇಳಿಸುತ್ತಿತ್ತು. ನನ್ನ ಚಾಲನೆಯ ಬಗ್ಗೆ ಇಷ್ಟು ಸಾಕು.

ಅವರ ಚೀಲದಲ್ಲಿ ಸದಾ ಕಾಫಿಪುಡಿಯ ಪುಟ್ಟ ಡಬ್ಬಿ. ಅತ್ತೆಗೆ ಅದೊಂದು ಸಂಕಟ.

"ಪುಡಿ ಊರಿಂದ ಬರ್ಬೇಕು. ನೀವು ಕಾರ್ಖಾನೇಲಿ ಹಂಚಿಬರ್ತೀರಾ?"

"ಹಂಚಲ್ಲ ಕಣೇ, ಮೂಸಿಸ್ತೀನಿ."

ಅದರ ಅರ್ಥ ನನಗಾದದ್ದು ನಲ್ಲಿಗಳಿಗೆ ಕ್ರೋಮ್ ಹೊಳಪು ಹಾಕುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಆಮ್ಲದ ತೊಟ್ಟಿಯಿಂದ ಕಂದು ಆವಿ ಏಳುತ್ತಿತ್ತು, ಪಕ್ಕದಲ್ಲಿ ಕರವಸ್ತ್ರ ಕಟ್ಟಿಕೊಂಡು ರಾಮ್‌ಪಾಲ್ ಎಂಬಾತ ನಿಂತಿದ್ದ. ಮಾವ ಅವನನ್ನು ಹೊರಗೆ ಕರೆದು, ಕಣ್ಣು ಮುಚ್ಚಿಸಿ, ಡಬ್ಬಿ ತೆರೆದು ಮೂಗಿಗೆ ಹಿಡಿದರು. ಘಮ್ಮೆನ್ನುವ ಪುಡಿ! ರಾಮ್‌ಪಾಲ್ ಬಹಳ ಹೊತ್ತು ಕಾದು ಕೇಳಿದ: "ಇನ್ನೂ ಹಿಡಿದಿಲ್ವಾ, ಸಾಬ್?"

ಮಾಲೀಕ ಗಾಬರಿಯಾಗಿ, "ದಿನಾ ಬೆಲ್ಲ ಕೊಡ್ತೀವಿ ಸಾಬ್, ಒಳ್ಳೇ ಬೆಲ್ಲ" ಎಂದ.

"ಬೆಲ್ಲ ಹೊಟ್ಟೆಗೆ ಹೋಗುತ್ತೆ ಲಾಲಾಜಿ, ಆವಿ ಎದೆಗೆ. ಅವೆರಡೂ ದಾರೀಲಿ ಭೇಟಿ ಆಗಲ್ಲ."

ತೊಟ್ಟಿಯ ಅಂಚಿಗೇ ಆವಿ ಎಳೆಯುವ ಯಂತ್ರ ಕೂರಿಸುವವರೆಗೆ ಅಲ್ಲಿ ಕೆಲಸ ಬಂದ್ ಎಂದರು ಮಾವ. ಆಗ ಕೈಮುಗಿದವನು ಮಾಲೀಕನಲ್ಲ, ರಾಮ್‌ಪಾಲ್. "ಮೂಗು ಹೋದ್ರೆ ಹೋಗ್ಲಿ ಸಾಬ್, ಕೆಲಸ ಹೋಗ್ಬಾರದು."

"ಕಾನೂನು ಇರೋದೇ ನೀನು ಎರಡರಲ್ಲಿ ಒಂದು ಆರಿಸಬಾರದು ಅಂತ," ಎಂದರು ಮಾವ. ಬಂದ್ ಇದ್ದಷ್ಟು ದಿನದ ಕೂಲಿಗೂ ಮಾಲೀಕನನ್ನು ಒಪ್ಪಿಸಿಯೇ ಸ್ಕೂಟಿ ಹತ್ತಿದರು. ಅಂದು ದಾರಿಯುದ್ದಕ್ಕೂ ನಾರಾಯಣನ ಸುದ್ದಿಯೇ ಇಲ್ಲ.

ಯಂತ್ರ ಬಂತು. ರಾಮ್‌ಪಾಲ್ ಪ್ಯಾಕಿಂಗ್ ಕೆಲಸಕ್ಕೆ ಹೋದ. ಅವನ ಮೂಗು ಮರಳಲಿಲ್ಲ. ಅವನ ನಂತರ ತೊಟ್ಟಿಯ ಬಳಿ ನಿಂತವನ ಮೂಗು ಉಳಿಯಿತು. ಮಾವ ಪ್ರತಿ ಸಲ ಹೋದಾಗಲೂ ಡಬ್ಬಿ ತೆರೆದು ಅದನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಎಲ್ಲಿಂದ ಎಲ್ಲಿಗೋ ಬಂದೆ. ಮೊನ್ನೆ ನಾನು ಕಿಟಕಿಗಳನ್ನೆಲ್ಲ ತೆರೆದೆ, ಫ್ಯಾನನ್ನು ಹೊರಮುಖವಾಗಿ ತಿರುಗಿಸಿಟ್ಟೆ, ಇಕ್ಬಾಲನಿಗೆ ಸರಿಯಾದ ಮಾಸ್ಕ್ ತರುವವರೆಗೆ ಬ್ರಷ್ ಮುಟ್ಟಬೇಡ ಎಂದೆ.

"ಧೂಳು ಕೂರುತ್ತೆ ಭಾಭೀಜಿ, ಆಮೇಲೆ ನನ್ನನ್ನ ಬೈಬೇಡಿ," ಎಂದು ಠೇಕೇದಾರ ಗೊಣಗಿದ.

"ಕೂರಲಿ. ಬಾಗಿಲು ಉಸಿರಾಡಲ್ಲ."

ಆಮೇಲೆ ಇಕ್ಬಾಲನನ್ನು ಬಾಲ್ಕನಿಗೆ ಕರೆದು, ಕಣ್ಣು ಮುಚ್ಚಿಸಿ, ಕಾಫಿಪುಡಿ ಹಿಡಿದೆ. ಅವನು ಮೂಗರಳಿಸಿ, "ಹುರಿದ ಕಡಲೆ?" ಎಂದ. ಉತ್ತರ ತಪ್ಪು, ಮೂಗು ಪಾಸು. ಬೆಲ್ಲವನ್ನೂ ಕೊಟ್ಟೆ ಅನ್ನಿ, ಚಹಾದ ಜೊತೆಗೆ.

ನಮ್ಮ ಬಾಗಿಲ ಮೇಲೆ ಈಗ ಕೈಯಾಡಿಸಿದರೆ ಸಣ್ಣ ಸಣ್ಣ ಧೂಳಿನ ಕಾಳು ಸಿಗುತ್ತದೆ. ಬಂದವರಿಗೆಲ್ಲ ನಾನೇ ಮುಟ್ಟಿಸಿ ತೋರಿಸುತ್ತೇನೆ.