ಮುಷ್ಟಿ ಬಿಡಿಸುವ ಕಲ್ಲಯ್ಯ

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಗಂಡಸರೆಲ್ಲ ಇದ್ದಕ್ಕಿದ್ದಂತೆ ಕೈಗಳನ್ನು ಟವೆಲಿನೊಳಗೆ ಅಡಗಿಸಿಕೊಂಡರೆ, ಕವಲಂದೆ ಬಸ್ಸಿನಿಂದ ಕಲ್ಲಯ್ಯ ಇಳಿದನೆಂದೇ ಅರ್ಥ. ಸೈಬರ್ ಸೆಂಟರಿನಲ್ಲಿ ಕೂತು ವಿಡಿಯೋ ನೋಡಿಯೇ ಕೈಚಿಕಿತ್ಸೆ ಕಲಿತ ಮಹಾಪಂಡಿತ ಈತ. ವಿಡಿಯೋದವನ ಇಂಗ್ಲಿಷು ಒಂದಕ್ಷರ ತಿಳಿಯದು, ಆದರೂ ತಲೆಯಾಡಿಸುವ ಗತ್ತು ನೋಡಿದರೆ ಇವನೇ ಅವನಿಗೆ ಪಾಠ ಹೇಳಿಕೊಟ್ಟಂತಿರುತ್ತದೆ. ವಿಡಿಯೋ ಅರ್ಧಕ್ಕೆ ನಿಂತು ಚಕ್ರ ತಿರುಗತೊಡಗಿತೋ, ಪಕ್ಕದಲ್ಲಿ ಕೂತವನ ಕೈಗೆ ಗಂಡಾಂತರ. "ಮುಷ್ಟಿ ಬಿಗಿ ಇಡಿ ಕಣ್ಲಾ, ಬಿಡುಸ್ತೀನಿ." "ನಂಗೆ ಸೊಂಟನೋವು ಕಣ್ ಕಲ್ಲಯ್ಯ!" "ಅದ್ಕೂ ಮುಷ್ಟೀನೇ!" ಹಲ್ಲುನೋವಿಗೂ ಮುಷ್ಟಿ ಬಿಡಿಸುವ ಈ ವೈದ್ಯನನ್ನು ಆಡಿಕೊಳ್ಳಲೆಂದೇ ಒಂದು ಬೆಳಿಗ್ಗೆ ಅವನ ಮನೆಗೆ ಹೋದೆ. ಲಕ್ವ ಹೊಡೆದ ಹೆಂಡತಿ ರುದ್ರಾಣಿಯ ಎಡಗೈ ಮುಷ್ಟಿಗಟ್ಟಿ ಹೋಗಿತ್ತು. ಎಡ ಅಂಗೈಯಲ್ಲಿಟ್ಟು ಪೂಜಿಸಬೇಕಾದ ಇಷ್ಟಲಿಂಗಕ್ಕೆ ಆಕೆಯಲ್ಲಿ ಅಂಗೈಯೇ ಇರಲಿಲ್ಲ. ನಮ್ಮ ಕೈಗಳನ್ನು ಒದ್ದೆ ಬಟ್ಟೆಯಂತೆ ಹಿಂಡುವವನು ಅಲ್ಲಿ ಉಸಿರು ಬಿಗಿಹಿಡಿದು ಒಂದೊಂದೇ ಬೆರಳು ಬಿಡಿಸುತ್ತಿದ್ದ. ನನ್ನನ್ನು ಕಂಡು, "ಕಲಿಯೋವಾಗ ತಪ್ಪಾದ್ರೆ ನಿಮ್ಗಳ ಕೈ ಮ್ಯಾಲೇ ಆಗ್ಲಿ ಅಂತ ಕಣಪ್ಪಾ" ಅಂದ. ಮೂರು ಬೆರಳು ಬಿಚ್ಚಿದವು, ಉಳಿದೆರಡು ಅಲ್ಲಾಡಲಿಲ್ಲ. "ನಾಳೀಕ್ ನೋಡಾನ ಬುಡಿ" ಅಂದಳು ಆಕೆ. ಈಗ ಕಲ್ಲಯ್ಯ ಬಸ್ಸಿಳಿದರೆ ನಾನೇ ಎದುರು ಹೋಗಿ, ಮುಷ್ಟಿ ಬಿಗಿಹಿಡಿದು ಚಾಚುತ್ತೇನೆ.